ಬಾಸ್ ಕ್ಲಾರಿನೆಟ್ಟಿಗೆ ವಾಷರ್ ಹಾಕಿದ್ದು

ಅರ್ಜಿಯಲ್ಲಿ ‘ಹವ್ಯಾಸ’ ಅನ್ನುವ ಕಾಲಂ ಯಾಕಿರಬೇಕು ಅಂತ ನಾನು ಇವತ್ತಿಗೂ ಕೇಳುತ್ತೇನೆ. ಒಬ್ಬ ಮನುಷ್ಯ ನೀರಿನ ಇಲಾಖೆಯಲ್ಲಿ ಏಳು ವರ್ಷ ದಿನಗೂಲಿ ಫಿಟ್ಟರ್ ಆಗಿ ಸವೆದಿದ್ದಾನೆ. ಈಗ ಮತ್ತೊಮ್ಮೆ ತನ್ನನ್ನು ಕಾಯಂ ಮಾಡಿ ಅಂತ ಕೇಳುತ್ತಿದ್ದಾನೆ. ಅವನಿಗೆ ಪೈಪು ಜೋಡಿಸಲು ಬರುತ್ತದೋ ಇಲ್ಲವೋ ಕೇಳಿ. ಮೊಣಕಾಲುದ್ದ ಕೆಸರಿಗೆ ಇಳಿಯುತ್ತಾನೋ ಇಲ್ಲವೋ ಕೇಳಿ. ಅವನು ಸಂಜೆ ಮನೆಗೆ ಹೋಗಿ ಏನು ಮಾಡಿದರೆ ಇವರಪ್ಪನ ಗಂಟೇನು ಹೋಗುತ್ತದೆ?

ನಾನು ಆ ಕಾಲಮ್ಮಿನಲ್ಲಿ ‘ಇಲ್ಲ’ ಅಂತ ಬರೆದಿದ್ದೆ. ನನ್ನ ಅಕ್ಕ ಅದನ್ನು ನೋಡಿ ಹಣೆ ಹಣೆ ಚಚ್ಚಿಕೊಂಡಳು.

“ಎಂಟನೇ ಕ್ಲಾಸಿಗೆ ಬಿಟ್ಟವನು ಅಂತ ಒಂದು ಕಾಲಂ ಆಗಲೇ ಮಾನ ತೆಗೀತಾ ಇದೆ. ಇದರಲ್ಲೂ ಇಲ್ಲ ಅಂತ ಬರೀತೀಯಾ? ಕೊಡಿಲ್ಲಿ.”

ಅವಳು ಬಿಳಿ ಬಣ್ಣ ಬಳಿದು, ಒಣಗಲು ಊದಿ, ಅದರ ಮೇಲೆ ಮುತ್ತಿನಂಥ ಅಕ್ಷರದಲ್ಲಿ ‘ಕ್ಲಾರಿನೆಟ್ ವಾದನ’ ಅಂತ ಬರೆದಳು. ಇದಕ್ಕೆ ಆಧಾರ ಇಷ್ಟೇ: ನಾನು ಹತ್ತು ವರ್ಷದವನಿದ್ದಾಗ ಪಕ್ಕದ ಬೀದಿಯ ಕನ್ನಡಕದಂಗಡಿಯವರು ತಮ್ಮ ಹಳೆಯ ಕ್ಲಾರಿನೆಟ್ಟನ್ನು ನನಗೆ ಕೊಟ್ಟಿದ್ದರು. ಒಂಬತ್ತು ದಿನ ಊದಿದೆ. ಹತ್ತನೇ ದಿನ ಅವರೇ ಬಂದು ಕೈಮುಗಿದು ವಾಪಸ್ಸು ತೆಗೆದುಕೊಂಡು ಹೋದರು. ಅರ್ಜಿ ಕೊಟ್ಟ ಸಂಜೆಯೇ ಅಕ್ಕ ಬೀದಿಯಲ್ಲೆಲ್ಲ ತನ್ನ ತಮ್ಮ ಸಂಗೀತಗಾರ ಅಂತ ಹೇಳಿಕೊಂಡು ಬಂದಳು.

ನಮ್ಮ ಸಾಹೇಬರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅವರಿಗೆ ಎರಡು ಹುದ್ದೆ. ಮಧ್ಯಾಹ್ನ ಒಂದು ಗಂಟೆಯವರೆಗೆ ದೂರು ವಿಭಾಗದ ಅಧಿಕಾರಿ. ಊಟವಾದ ಮೇಲೆ ನೌಕರರ ಕ್ಷೇಮ ವಿಭಾಗದ ಅಧಿಕಾರಿ. ಮೇಜು ಒಂದೇ, ರಬ್ಬರ್ ಮೊಹರು ಎರಡು. ಒಂದು ವಿಭಾಗ ಇನ್ನೊಂದಕ್ಕೆ ಏನಾದರೂ ಹೇಳಬೇಕಾದರೆ ಅವರು ತಮಗೆ ತಾವೇ ಕಾಗದ ಬರೆದುಕೊಳ್ಳುತ್ತಾರೆ. ಉತ್ತರ ತಡವಾದರೆ ಜ್ಞಾಪನಾಪತ್ರವನ್ನೂ ಬರೆದುಕೊಳ್ಳುತ್ತಾರೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ, ಕಣ್ಣಾರೆ ಕಂಡಿದ್ದೇನೆ.

ಅವರು ನನ್ನನ್ನು ಕರೆಸಿದ್ದು ಊಟವಾದ ಮೇಲೆ.

“ಏನಯ್ಯ, ಇಂಥ ವಿದ್ಯೆ ಮುಚ್ಚಿಟ್ಟುಕೊಂಡಿದ್ದೀಯಲ್ಲ. ನಮ್ಮ ಬ್ಯಾಂಡಿನಲ್ಲಿ ಬಾಸ್ ಕ್ಲಾರಿನೆಟ್ ಊದುತ್ತಿದ್ದವರು ವರ್ಗವಾಗಿ ಹೋಗಿ ಎಂಟು ತಿಂಗಳಾಯ್ತು. ಮುಂದಿನ ತಿಂಗಳು ಹೊಸ ಪಂಪುಮನೆ ಶುರು ಮಾಡೋಕೆ ದೊಡ್ಡ ಎಂಜಿನಿಯರ್ ಬರ್ತಾರೆ. ನೀನು ಊದು. ನಿನ್ನ ಕಾಯಂ ಫೈಲು ನಾನೇ ಕೈಯಲ್ಲಿ ಹಿಡ್ಕೊಂಡು ಅವರ ಹತ್ತಿರ ಸಹಿ ಹಾಕಿಸ್ತೀನಿ.”

“ಸಾರ್, ಅರ್ಜೀಲಿ ಬರೆದಿರೋದು ಬರೀ ಕ್ಲಾರಿನೆಟ್ಟು. ಇದು ಬಾಸ್...”

“ಬಾಸ್ ಅಂದ್ರೆ ದೊಡ್ಡದು, ಅಷ್ಟೇ. ನೀನು ಅರ್ಧ ಇಂಚಿನ ಪೈಪಿಗೂ ಕೆಲಸ ಮಾಡ್ತೀಯ, ಹನ್ನೆರಡು ಇಂಚಿನ ಪೈಪಿಗೂ ಮಾಡ್ತೀಯ. ಮಾಡಲ್ವಾ?”

ಮಾಡುತ್ತೇನೆ. ಅದಕ್ಕೇನು ಹೇಳಲಿ? ಏಳು ವರ್ಷದಿಂದ ಯಾರ ಮೇಜಿನ ಮೇಲೂ ಮಿಸುಕದಿದ್ದ ಫೈಲು ಅದು. ಊದುತ್ತೇನೆ ಅಂದೆ.

ವಾದ್ಯ ಇದ್ದದ್ದು ಕೆಟ್ಟ ಮೀಟರುಗಳನ್ನು ತುಂಬಿಟ್ಟ ಕೋಣೆಯಲ್ಲಿ. ನಿಲ್ಲಿಸಿದರೆ ನನ್ನ ಎದೆಯವರೆಗೆ ಬರುತ್ತದೆ. ಕೆಳಗೆ ಬಿಳಿ ಲೋಹದ ಬಾಯಿ ಮೇಲಕ್ಕೆ ತಿರುಗಿಕೊಂಡಿದೆ, ಮೇಲೆ ಕತ್ತು ಬಾತುಕೋಳಿಯದರಂತೆ ಬಾಗಿದೆ, ನೆಲಕ್ಕೆ ಊರಲು ಒಂದು ಮೊಳೆಗಾಲು. ಮೈತುಂಬ ಕೀಗಳು. ಕೀ ಒತ್ತಿದರೆ ಉದ್ದ ಕಂಬಿ ತಿರುಗುತ್ತದೆ, ಕಂಬಿ ತಿರುಗಿದರೆ ಎಲ್ಲೋ ದೂರದಲ್ಲಿ ಒಂದು ಮುಚ್ಚಳ ಹೋಗಿ ತೂತಿನ ಮೇಲೆ ಕೂರುತ್ತದೆ. ಮುಚ್ಚಳದೊಳಗೆ ಮೆತ್ತನೆಯ ಪ್ಯಾಡು. ಬೆರಳು ತೆಗೆದರೆ ಸೂಜಿಯಂಥ ಸ್ಪ್ರಿಂಗು ಅದನ್ನು ಎತ್ತುತ್ತದೆ. ನಾನು ಫಿಟ್ಟರ್. ಎರಡು ಸಲ ಸುತ್ತಿ ನೋಡಿದೆ. ಇದು ಪೈಪು, ಇವು ವಾಲ್ವು, ವಾಲ್ವು ಸರಿಯಾಗಿ ಮುಚ್ಚಿದರೆ ಕೆಲಸ ಆಯಿತು. ಇದು ನನಗೆ ಗೊತ್ತಿರುವ ವಿಷಯವೇ ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೇ ಇಷ್ಟೆಲ್ಲ ಆದದ್ದು.

ಬ್ಯಾಂಡ್ ಮೇಷ್ಟ್ರು ಬಿಲ್ ವಿಭಾಗದ ಗುಮಾಸ್ತರು. ಸಣ್ಣ ಮೈ, ಸಣ್ಣ ದನಿ. ಅವರು ಬೈಯುವುದಿಲ್ಲ. ಬೈದರೆ ತಿರುಗಿಸಿ ಅನ್ನಬಹುದು, ಮೆಲ್ಲಗೆ ಹೇಳುವವರನ್ನು ಏನು ಮಾಡುವುದು?

“ಎಲ್ಲಾ ಬೆರಳೂ ಇಡು. ಇದು ಕೆಳಗಿನ ಸ್ವರ. ದೊಡ್ಡ ಎಂಜಿನಿಯರ್ ಬಂದಾಗ ಒಂದು ಕಡೆ ಎಲ್ಲರೂ ನಿಲ್ಲಿಸ್ತಾರೆ, ನೀನೊಬ್ಬನೇ ಇದನ್ನ ಎಂಟು ಎಣಿಕೆ ಹಿಡೀಬೇಕು. ಊದು.”

ಊದಿದೆ. ಕಫ ಕಟ್ಟಿದ ಎಮ್ಮೆ ಮೆಟ್ಟಿಲಿನಿಂದ ಉರುಳಿದ ಹಾಗೆ ಒಂದು ಸದ್ದು ಬಂತು, ಅದರ ತುದಿಯಲ್ಲೊಂದು ಕೀರಲು.

“ಎಲ್ಲೋ ಮುಚ್ಚಿಲ್ಲ. ಗಾಳಿ ಸೋರ್ತಿದೆ,” ಅಂದರು ಮೇಷ್ಟ್ರು.

ಸೋರಿಕೆ ಅಂದ ಮೇಲೆ ನನಗೆ ಹೇಳಿಕೊಡಬೇಕೆ? ಹಲ್ಲು ಕಚ್ಚಿ ಬಿಗಿಯಾಗಿ ಒತ್ತಿದೆ. ಸದ್ದು ಇನ್ನೂ ಕೆಟ್ಟಿತು. ಇನ್ನೂ ಬಿಗಿದೆ. ಈಗ ಸದ್ದೇ ಇಲ್ಲ, ಬರೀ ಉಸಿರು.

“ಇಡು ಅಂದೆ, ಒತ್ತು ಅನ್ನಲಿಲ್ಲ,” ಅಂದರು ಮೇಷ್ಟ್ರು. “ನೀನು ನಲ್ಲಿ ಮುಚ್ಚುತ್ತಾ ಇದ್ದೀಯ.”

“ಒತ್ತದೆ ಇದ್ದರೆ ಅದು ಮುಚ್ಚೋದು ಹೇಗೆ ಮೇಷ್ಟ್ರೇ?”

“ಬೆರಳಿಗೆ ತೂಕ ಇಲ್ವಾ? ಅಷ್ಟು ಸಾಕು.”

ಬಿಲ್ಲು ಬರೆಯುವವರಿಗೆ ಸೋರಿಕೆ ಏನು ಗೊತ್ತು ಅಂದುಕೊಂಡು ವಾದ್ಯವನ್ನು ಮನೆಗೆ ಹೊತ್ತುಕೊಂಡು ಬಂದೆ.

ಮನೆಯಲ್ಲಿ ಭಾವ ಇದ್ದರು. ಅಕ್ಕನ ಗಂಡ, ಬಸ್ ಡ್ರೈವರ್. ಪ್ರಪಂಚದಲ್ಲಿ ಅವರಿಗೆ ಅಭಿಪ್ರಾಯ ಇಲ್ಲದ ವಿಷಯ ಇನ್ನೂ ಹುಟ್ಟಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಎತ್ತಿ ನೋಡಿದರು.

“ಹಿಡಿತ ಸಾಲದು ಕಣೋ. ಹೊಸ ಡ್ರೈವರ್‌ಗಳಿಗೂ ಇದೇ ರೋಗ. ದಿನಾ ಮುನ್ನೂರು ಸಲ ರಬ್ಬರ್ ಚೆಂಡು ಹಿಚುಕು.”

ಮುನ್ನೂರು ಸಲ ಹಿಚುಕಿದೆ. ನಾಲ್ಕನೇ ದಿನಕ್ಕೆ ಹೆಬ್ಬೆರಳು ಬಾತುಕೊಂಡು ಬಲಗೈಯಲ್ಲಿ ಚಮಚ ಹಿಡಿಯಲಾಗದೆ ಅಕ್ಕನ ಎದುರು ಎಡಗೈಯಲ್ಲಿ ಊಟ ಮಾಡಿ ಬೈಸಿಕೊಂಡೆ. ಕೆಳಗಿನ ಸ್ವರ ಮಾತ್ರ ಬರಲಿಲ್ಲ. ಆಗ ನನ್ನೊಳಗಿನ ಫಿಟ್ಟರ್ ಎದ್ದು ಕೂತ. ಕೀಗಳು ತೆಳ್ಳಗಿವೆ, ಜಾರುತ್ತವೆ, ಒತ್ತಿದ್ದು ಎಲ್ಲಿಗೆ ಮುಟ್ಟಿತು ಅಂತ ಗಟ್ಟಿಯಾಗಿ ತಿಳಿಯುವುದಿಲ್ಲ. ನಲ್ಲಿಗಾದರೆ ಕೊನೆಯ ಸುತ್ತಿನಲ್ಲಿ ಒಂದು ತಡೆ ಕೈಗೆ ಸಿಗುತ್ತದೆ, ಇದಕ್ಕೂ ಅದು ಬೇಕು. ಚೀಲದಲ್ಲಿದ್ದ ಅರ್ಧ ಇಂಚಿನ ನಲ್ಲಿ ವಾಷರುಗಳನ್ನು ತೆಗೆದು, ಬೆರಳಿಡುವ ಜಾಗದಲ್ಲೆಲ್ಲ ಒಂದೊಂದನ್ನು ಅಂಟಿಸಿದೆ. ಏಳು ಕೀಗಳಿಗೆ ಏಳು ವಾಷರು. ಈಗ ಒತ್ತಿದರೆ ಒತ್ತಿದ ಹಾಗೆ ಇತ್ತು. ಮಂಚದ ಮೇಲೆ ಒಂದು ಕಾಲೂರಿ, ಕತ್ತಿನ ನರ ಉಬ್ಬುವಂತೆ ಬಿಗಿದು, ದಿನದಂತೆ ಅವತ್ತು ಸಂಜೆಯೂ ಏಳೂವರೆಯಿಂದ ಎಂಟೂವರೆಯವರೆಗೆ ಊದಿದೆ.

ಎದುರು ಮನೆಯ ಟೀಚರಮ್ಮ ಮಹಡಿಯಿಂದ ಬಗ್ಗಿ ಕೇಳಿದರು. “ಏನಪ್ಪ ಅದು, ನಿಮ್ಮ ಕಡೆಯಿಂದ ಏನೋ ನರಳೋ ಸದ್ದು?”

ಇವರು ನನಗೆ ಎಂಟನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ನಾನು ಶಾಲೆ ಬಿಟ್ಟದ್ದು ಇವರ ಕ್ಲಾಸಿನಿಂದಲೇ. ಅಕ್ಕ ಇವರಿಗೂ ಸಂಗೀತಗಾರ ಅಂತ ಹೇಳಿ ಬಂದಿದ್ದಾಳೆ. ಅದು ನನ್ನ ಸಂಗೀತ ಅಂತ ಯಾವ ಬಾಯಲ್ಲಿ ಹೇಳಲಿ?

“ಪೈಪು ಟೀಚರಮ್ಮ,” ಅಂದೆ. “ರಸ್ತೆ ಪೈಪಲ್ಲಿ ಗಾಳಿ ಸೇರಿಕೊಂಡಿದೆ.”

“ಹಾಗಾದರೆ ದೂರು ಕೊಡಬೇಕು,” ಅಂದರು. ನಿವೃತ್ತರಾದ ಟೀಚರುಗಳಿಗೆ ಸಮಯ ಬಹಳ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಎರಡು ಪುಟದ ದೂರು ನಮ್ಮ ಕಚೇರಿಯಲ್ಲಿತ್ತು. ಸದ್ದು ಯಾವ ಹೊತ್ತಿಗೆ ಶುರು, ಎಷ್ಟು ಹೊತ್ತು, ನಡುವೆ ಎಷ್ಟು ಸಲ ಕೀರುತ್ತದೆ, ಎಲ್ಲ ಕ್ರಮವಾಗಿ. ದೂರು ನಂಬರ್ ನಾಲ್ಕುನೂರ ಹನ್ನೆರಡು.

ಸಾಹೇಬರು ಊಟಕ್ಕೆ ಮೊದಲೇ ಕರೆಸಿದರು. “ನಿಮ್ಮ ಬೀದೀನೇ ಅಲ್ವೇನಯ್ಯ? ಕಿವಿ ತಾತನ್ನ ಕರ್ಕೊಂಡು ನೀನೇ ಹೋಗಿ ಅಗೆದು ನೋಡು.”

ಆಗಲೇ ಹೇಳಬಹುದಿತ್ತು. ಸಾರ್, ಅದು ಪೈಪಲ್ಲ, ನಾನು. ಆದರೆ ಹಾಗಂದರೆ ನನಗೆ ಊದಲು ಬರುವುದಿಲ್ಲ ಅಂತ ಒಪ್ಪಿಕೊಂಡ ಹಾಗೆ. ಊಟವಾದ ಮೇಲೆ ಇದೇ ಮನುಷ್ಯ ನನ್ನ ಫೈಲನ್ನು ಮತ್ತೆ ಬೀರುವಿಗೆ ಸೇರಿಸುತ್ತಾರೆ. ಹಾರೆ ಗುದ್ದಲಿ ತೆಗೆದುಕೊಂಡು ಹೊರಟೆ.

ಕಿವಿ ತಾತ ಅಂದರೆ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಫಿಟ್ಟರ್. ಉದ್ದನೆಯ ಕಬ್ಬಿಣದ ಸರಳೊಂದರ ತುದಿಯನ್ನು ನೆಲಕ್ಕೆ ಊರಿ, ಇನ್ನೊಂದು ತುದಿಗೆ ಕಿವಿ ಇಟ್ಟು, ನಾಲ್ಕಡಿ ಕೆಳಗೆ ಪೈಪು ಎಲ್ಲಿ ಸೋರುತ್ತಿದೆ ಅಂತ ಹೇಳಿಬಿಡುತ್ತಾರೆ. ಅಂದು ನಮ್ಮ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ಸರಳು ಊರಿದರು.

“ಏನೂ ಇಲ್ಲವಲ್ಲೋ. ಪೈಪು ಆರಾಮಾಗಿದೆ.”

“ದೂರಿನಲ್ಲಿ ಏಳೂವರೆ ಅಂತ ಇದೆ ತಾತ.”

“ಹೊತ್ತು ನೋಡಿಕೊಂಡು ಸೋರೋ ಪೈಪನ್ನ ನಾನು ಈವರೆಗೆ ಕಂಡಿಲ್ಲ,” ಅಂದರು. ನನ್ನ ಮುಖವನ್ನು ಸ್ವಲ್ಪ ಜಾಸ್ತಿ ಹೊತ್ತೇ ನೋಡಿದರು.

ಅಗೆಯಲೇಬೇಕು ಅಂತ ಆದೇಶ. ನನ್ನ ಮನೆ ಬಾಗಿಲಿಗೆ ಸರಿಯಾಗಿ, ನನ್ನ ಕೈಯಿಂದಲೇ, ನಾಲ್ಕಡಿ ಗುಂಡಿ ತೋಡಿದೆ. ಅಗೆಯುವಾಗ ನೀರು ನಿಲ್ಲಿಸಬೇಕಲ್ಲ, ಇಡೀ ಬೀದಿಗೆ ನೀರಿಲ್ಲ. ಕೊಡ ಹಿಡಿದವರು ಒಬ್ಬೊಬ್ಬರಾಗಿ ಬಂದು ಗುಂಡಿಯ ಸುತ್ತ ನಿಂತರು. ಪೈಪಿನೊಳಗೆ ಏನೋ ಪ್ರಾಣಿ ಸಿಕ್ಕಿಕೊಂಡಿದೆ ಅಂತ ಒಬ್ಬರು. ಬೆಳೆದು ದೊಡ್ಡದಾಗಿ ಹೊರಗೆ ಬರಲು ಆಗುತ್ತಿಲ್ಲ ಅಂತ ಇನ್ನೊಬ್ಬರು. ಅಕ್ಕ ಬಾಗಿಲಲ್ಲಿ ನಿಂತು ಎಲ್ಲರಿಗೂ, “ನನ್ನ ತಮ್ಮ ಇದ್ದಾನೆ, ಹೆದರಬೇಡಿ,” ಅಂತ ಧೈರ್ಯ ಹೇಳುತ್ತಿದ್ದಳು.

ಏಳೂವರೆಗೆ ಐದು ನಿಮಿಷ ಇರುವಾಗ ಸಾಹೇಬರೇ ಬಂದರು. ಟೀಚರಮ್ಮ ಇಳಿದು ಬಂದರು. ಎಲ್ಲರೂ ಗುಂಡಿಗೆ ಬಗ್ಗಿ ನೋಡುತ್ತಿದ್ದಾರೆ. ಗುಂಡಿಯಲ್ಲಿ ಎದೆಯವರೆಗೆ ನಾನಿದ್ದೇನೆ. ಸದ್ದು ಮಾಡಬೇಕಾದವನೇ ಗುಂಡಿಯಲ್ಲಿದ್ದರೆ ಸದ್ದು ಎಲ್ಲಿಂದ ಬರಬೇಕು? ಏಳೂವರೆ ಆಯಿತು. ಏಳು ಮೂವತ್ತೈದು ಆಯಿತು.

“ದೂರಿನಲ್ಲಿ ಏಳೂವರೆ ಅಂತ ಸ್ಪಷ್ಟವಾಗಿದೆ,” ಅಂದರು ಸಾಹೇಬರು, ಗಡಿಯಾರವನ್ನು ಕಿವಿಗೆ ಹಿಡಿದು ನೋಡಿ.

“ದಿನಾ ಬರುತ್ತೆ. ಇವತ್ತು ಇಷ್ಟು ಜನ ನೋಡಿ ಹೆದರಿಕೊಂಡಿದೆ,” ಅಂದರು ಟೀಚರಮ್ಮ.

ಅಷ್ಟರಲ್ಲಿ ಸದ್ದು ಬಂತು.

ಆದರೆ ಅದು ನನ್ನ ಸದ್ದಾಗಿರಲಿಲ್ಲ. ದುಂಡಗೆ, ಆಳವಾಗಿ, ಕಾಲ ಕೆಳಗಿನ ಮಣ್ಣು ಮೆಲ್ಲಗೆ ನಡುಗುವಂತೆ ಒಂದು ಸ್ವರ ಬಂದು ಬೀದಿಯಲ್ಲಿ ನಿಂತುಕೊಂಡಿತು. ಕೊಡ ಹಿಡಿದವರು ಕೊಡ ಕೆಳಗಿಟ್ಟರು. ಸಾಹೇಬರು ಟೋಪಿ ತೆಗೆದರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

“ಇದಲ್ಲ,” ಅಂದರು ಟೀಚರಮ್ಮ ಬೇಜಾರಿನಿಂದ. “ನಾನು ಬರೆದುಕೊಟ್ಟ ಸದ್ದು ಇದಲ್ಲ. ಅದು ತುಂಬಾ ಕೆಟ್ಟದಾಗಿತ್ತು.”

ಕಿವಿ ತಾತ ಸರಳನ್ನು ಗುಂಡಿಯೊಳಗೆ ಊರಲಿಲ್ಲ. ನಮ್ಮ ಮನೆಯ ಹೊಸ್ತಿಲಿಗೆ ಊರಿದರು, ಕಿವಿ ಇಟ್ಟರು, ತಲೆಯಾಡಿಸಿದರು, ಚಪ್ಪಲಿ ಬಿಟ್ಟು ಒಳಗೆ ನಡೆದರು. ಅವರ ಹಿಂದೆ ಸಾಹೇಬರು, ಸಾಹೇಬರ ಹಿಂದೆ ಟೀಚರಮ್ಮ, ಅವರ ಹಿಂದೆ ಅರ್ಧ ಬೀದಿ. ಗುಂಡಿಯಿಂದ ಹತ್ತಿ ನಾನು ಒಳಗೆ ಹೋಗುವಷ್ಟರಲ್ಲಿ ಎಲ್ಲರೂ ನನ್ನ ಕೋಣೆಯಲ್ಲಿದ್ದರು. ಮಂಚದ ಮೇಲೆ ಭಾವ. ಬಾಯಲ್ಲಿ ವಾದ್ಯದ ಮೂತಿ.

ಅವರು ಊದುವುದರಲ್ಲಿ ಕಸುಬುದಾರರೇ. ಡೀಸೆಲ್ ಪೈಪು ಕಟ್ಟಿಕೊಂಡರೆ ಬಾಯಲ್ಲೇ ಊದಿ ಬಿಡಿಸುವವರು. ಬೆರಳಿನ ವಿದ್ಯೆಯಂತೂ ಗೊತ್ತಿಲ್ಲ, ಇರುವ ಬೆರಳನ್ನೆಲ್ಲ ಇರುವ ಕೀಗಳ ಮೇಲೆ ಇಟ್ಟಿದ್ದಾರೆ. ಎಲ್ಲಾ ಬೆರಳಿಟ್ಟರೆ ಕೆಳಗಿನ ಸ್ವರ.

“ಇಲಾಖೆ ಸಾಮಾನು ಸಾರ್,” ಅಂದರು ಭಾವ ಗಡಬಡಿಸಿ. “ಮುರಿದುಗಿರಿದು ಹೋದರೆ ನನ್ನ ತಲೆಗೆ ಬರುತ್ತೆ ಅಂತ ಸುಮ್ನೆ ಮುಟ್ಟಿಯೂ ಮುಟ್ಟದ ಹಾಗೆ ಬೆರಳಿಟ್ಟಿದ್ದೆ. ಏನೂ ಆಗಿಲ್ಲ, ನೋಡಿಕೊಳ್ಳಿ.”

ನಾಲ್ಕು ದಿನ ನನ್ನ ಕೈಯಲ್ಲಿ ರಬ್ಬರ್ ಚೆಂಡು ಹಿಚುಕಿಸಿದ ಮಹಾನುಭಾವ ಹೇಳುವ ಮಾತು ಇದು.

“ನೀವು ನಮ್ಮ ಇಲಾಖೆಯವರಾ?” ಸಾಹೇಬರು ಆಸೆಯಿಂದ ಕೇಳಿದರು.

“ಇಲ್ಲ ಸಾರ್. ಬಸ್ಸು.”

“ಛೆ,” ಅಂದು ಸಾಹೇಬರು ನನ್ನ ಕಡೆ ತಿರುಗಿದರು. “ಎಲ್ಲಿ, ನೀನು ಊದಯ್ಯ.”

ಮೈಯೆಲ್ಲ ಮಣ್ಣು, ಎದುರಿಗೆ ಅರ್ಧ ಬೀದಿ, ಭಾವನ ಮೇಲೆ ಕುದಿಯುವ ಸಿಟ್ಟು. ಆ ಸಿಟ್ಟನ್ನೆಲ್ಲ ಬೆರಳಿಗೆ ಹಾಕಿ ಒತ್ತಿ ಊದಿದೆ. ಎಮ್ಮೆ ಮೆಟ್ಟಿಲು ಉರುಳಿತು.

ಟೀಚರಮ್ಮನ ಮುಖ ಅರಳಿತು. “ಇದೇ. ನಾಲ್ಕುನೂರ ಹನ್ನೆರಡು ಇದೇ.”

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಸಾಹೇಬರು ನನ್ನ ಕುರ್ಚಿಯಲ್ಲಿ ಕೂತರು. ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿದರು. ಒಳಗೆ ಎರಡು ವಿಭಾಗಗಳು ಮಾತಾಡಿಕೊಳ್ಳುತ್ತಿದ್ದವು ಅಂತ ಕಾಣುತ್ತದೆ.

“ನೋಡಯ್ಯ, ಈ ವಿಳಾಸದ ಮೇಲೆ ದೂರು ಬಾಕಿ ಇರುವ ತನಕ ಇಲ್ಲಿ ವಾಸ ಇರುವ ನೌಕರನ ಫೈಲು ಮೇಲೆ ಹೋಗೋ ಹಾಗಿಲ್ಲ. ಕ್ಷೇಮ ವಿಭಾಗ ಎಷ್ಟು ಕೇಳಿಕೊಂಡರೂ ದೂರು ವಿಭಾಗ ಒಪ್ಪಲ್ಲ.”

“ಎರಡೂ ನೀವೇ ಅಲ್ವಾ ಸಾರ್?”

“ಅದಕ್ಕೇ ಕಷ್ಟ,” ಅಂದರು. “ಬೇರೆಯವರಾಗಿದ್ದರೆ ಹೇಳಿ ನೋಡಬಹುದಿತ್ತು. ದೂರು ಕೊಟ್ಟವರು ‘ಸರಿಹೋಗಿದೆ’ ಅಂತ ಸಹಿ ಹಾಕಲಿ, ಆಮೇಲೆ ನೋಡೋಣ.”

ಎಲ್ಲರೂ ಟೀಚರಮ್ಮನ ಕಡೆ ನೋಡಿದರು.

“ಸರಿಹೋದರೆ ಹಾಕ್ತೀನಿ,” ಅಂದರು ಅವರು. “ಅರ್ಧಂಬರ್ಧ ಕೆಲಸಕ್ಕೆ ನಾನು ಯಾವತ್ತೂ ಪಾಸು ಮಾಡಿದವಳಲ್ಲ. ಇವನದು ಹಳೇ ಚಾಳಿ. ಒಂದು ಪುಟ ಬರೆಯಲು ಕೊಟ್ಟರೆ ಹಿಂದಿನ ನಾಲ್ಕು ಪುಟಕ್ಕೆ ಅಚ್ಚು ಮೂಡೋದು. ವಾರಕ್ಕೊಂದು ಪೆನ್ಸಿಲ್ ಡಬ್ಬಿ ಮುಗಿಸೋನು. ಏಳು ದಿನ ಒಂದೇ ಸಮ ನೆಟ್ಟಗೆ ಕೇಳಿಸಲಿ. ಮಧ್ಯೆ ಒಂದು ಕೀರಲು ಬಂದರೂ ಎಣಿಕೆ ಮೊದಲಿಂದ.”

ಪಂಪುಮನೆ ಸಮಾರಂಭಕ್ಕೆ ಉಳಿದಿದ್ದದ್ದು ಹದಿನೆಂಟು ದಿನ.

ಜನ ಹೋದ ಮೇಲೂ ಕಿವಿ ತಾತ ಹೋಗಲಿಲ್ಲ. ವಾದ್ಯವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಏಳು ವಾಷರುಗಳನ್ನೂ ಉಗುರಿನಿಂದ ಒಂದೊಂದಾಗಿ ಕಿತ್ತರು.

“ಇದನ್ನ ಯಾಕೋ ಹಾಕಿದೆ?”

“ಒತ್ತಿದ್ದು ಗೊತ್ತಾಗಲಿ ಅಂತ.”

“ಇರೋದೂ ಗೊತ್ತಾಗದ ಹಾಗೆ ಮಾಡಿಕೊಂಡಿದ್ದೀಯ. ನನ್ನ ಸರಳಿಗೆ ಬಟ್ಟೆ ಸುತ್ತಿದರೆ ನನಗೇನು ಕೇಳಿಸುತ್ತೆ?”

ಜೇಬಿನಿಂದ ನೀರಿನ ಬಿಲ್ಲಿನ ತೆಳ್ಳನೆಯ ಚೀಟಿಯೊಂದನ್ನು ತೆಗೆದು ಬೆರಳಗಲ ಹರಿದರು. ಕೆಳಗಿನ ಮುಚ್ಚಳದ ಪ್ಯಾಡಿನಡಿ ಆ ಚೂರನ್ನು ಸಿಕ್ಕಿಸಿ, ಕೀ ಒತ್ತು ಅಂದರು. ನನ್ನ ರೀತಿಯಲ್ಲಿ ಒತ್ತಿದೆ. ಅವರು ಚೂರನ್ನು ಎಳೆದರು. ಬೆಣ್ಣೆಯಿಂದ ಎಳೆದ ಹಾಗೆ ಬಂತು.

“ಮುಚ್ಚೇ ಇಲ್ಲ ನೋಡು. ಇಷ್ಟುದ್ದದ ಕಂಬಿ, ನೀನು ಈ ತುದೀಲಿ ಹೀಗೆ ತುಳಿದರೆ ನಡುವೆ ಬಗ್ಗುತ್ತೆ. ಬಗ್ಗಿದರೆ ಆ ತುದೀಲಿ ಮುಚ್ಚಳ ಎದ್ದುಕೊಳ್ಳುತ್ತೆ. ಈಗ ಸುಮ್ನೆ ಬೆರಳಿಡು. ಸ್ಪ್ರಿಂಗು ನಿನ್ನ ಬೆರಳನ್ನ ತಳ್ಳೋದು ಗೊತ್ತಾಗುತ್ತಾ?”

“ಹೂಂ, ಸ್ವಲ್ಪ.”

“ಅದು ತಳ್ಳಿದಷ್ಟಕ್ಕಿಂತ ಒಂದು ಕೂದಲು ಜಾಸ್ತಿ ಇಳಿಬಿಡು. ಪ್ಯಾಡು ಹೋಗಿ ಕೂತದ್ದು ಬೆರಳಿಗೇ ತಿಳಿಯುತ್ತೆ. ತಿಳಿದ ಮೇಲೆ ಅಲ್ಲೇ ನಿಲ್ಲು.”

ಇಳಿಬಿಟ್ಟೆ. ಒಂದು ಸಣ್ಣ ಮೆತ್ತನೆ, ಬಾಗಿಲಿಗೆ ಬೆಕ್ಕು ಒರಗಿದಷ್ಟು. ತಾತ ಚೀಟಿ ಎಳೆದರು. ಬರಲಿಲ್ಲ. ಜೋರಾಗಿ ಎಳೆದರು. ಹರಿಯಿತು.

“ನಲ್ಲಿ ತಿರುಚಿ ತಿರುಚಿ ವಾಷರ್ ಹಾಳು ಮಾಡಿಕೊಂಡವರನ್ನ ದಿನಾ ಬೈದುಕೊಂಡು ಬರ್ತೀಯಲ್ಲ,” ಅಂದು ತಾತ ಸರಳು ಎತ್ತಿಕೊಂಡು ಹೋದರು.

ಮರುದಿನದಿಂದ ಏಳೂವರೆಗೆ ಕಿಟಕಿ ತೆರೆದು ಊದಬೇಕು. ಎದುರು ಮಹಡಿಯಲ್ಲಿ ಟೀಚರಮ್ಮ ಕುರ್ಚಿ ಹಾಕಿಕೊಂಡು, ನೋಟುಪುಸ್ತಕ ಹಿಡಿದು. ಮೂರು ದಿನ ಸರಿಯಾಗಿ ಬಂತು. ನಾಲ್ಕನೇ ದಿನ ಹಾಳು ಬಸ್ಸೊಂದು ಹಾರ್ನ್ ಹೊಡೆದದ್ದಕ್ಕೆ ಬೆಚ್ಚಿ ಒತ್ತಿದೆ, ಕೀರಲು ಬಂತು. “ಮೊದಲಿಂದ,” ಅಂದರು ಟೀಚರಮ್ಮ. ಬಸ್ಸು ಓಡಿಸುತ್ತಿದ್ದವರು ಭಾವ. ಆಮೇಲೆ ಇನ್ನೊಂದು ಸಲ ಆರನೇ ದಿನ ಕೀರಿ ಮತ್ತೆ ಮೊದಲಿಂದ ಆಯಿತು. ಉಪ್ಪು ಡಬ್ಬಿಯ ಮುಚ್ಚಳ ಹಾಕುವಾಗಲೂ ಅಕ್ಕ, “ಒತ್ತಬೇಡ,” ಅನ್ನತೊಡಗಿದಳು. ಬ್ಯಾಂಡ್ ಮೇಷ್ಟ್ರು ಕಾರಿಡಾರಿನಲ್ಲಿ ಸಿಕ್ಕರೆ ಮಾತೇ ಆಡುತ್ತಿರಲಿಲ್ಲ, ಗಾಳಿಯಲ್ಲಿ ಎರಡು ಬೆರಳು ಮೆಲ್ಲಗೆ ಇಳಿಸಿ ತೋರಿಸಿ ಹೋಗುತ್ತಿದ್ದರು. ಬೀದಿಯವರಿಗೆ ನೀರು ಬಂದಿತ್ತು, ಆದರೂ ಕೊಡ ಹಿಡಿದುಕೊಂಡೇ ಬಂದು ನಿಂತು ಕೇಳಿ, ದಿನ ಎಷ್ಟಾಯಿತು ಅಂತ ವಿಚಾರಿಸಿ ಹೋಗುತ್ತಿದ್ದರು.

ಇದರಿಂದ ನನ್ನ ಕಸುಬು ಕೆಟ್ಟಿತು. ಹಗಲು ರೆಂಚು ಹಿಡಿದರೆ ಕೈ ತಾನಾಗಿ ಹಗುರಾಗುತ್ತಿತ್ತು. ಒಂದು ದವಾಖಾನೆಯಲ್ಲಿ ನಾನು ಬಿಗಿದ ಜಾಯಿಂಟು ಕಳಚಿಕೊಂಡು ಕಾಂಪೌಂಡರನ್ನು ತಲೆಯಿಂದ ಕಾಲಿನವರೆಗೆ ನೆನೆಸಿತು. “ಬಿಗಿ ಮಾಡೋಕೆ ಕೈಯಲ್ಲಿ ಶಕ್ತಿ ಇಲ್ವಾ?” ಅಂತ ಅವನು ಕೇಳಿದಾಗ ಚೀಲ ಎತ್ತಿಕೊಂಡು ಬಂದೆ. ಹೇಳಿದರೆ ಅವನಿಗೆ ಅರ್ಥವಾಗುತ್ತಿರಲಿಲ್ಲ.

ಸಮಾರಂಭದ ಹಿಂದಿನ ಸಂಜೆ ಏಳನೇ ದಿನ ತುಂಬಿತು. ಟೀಚರಮ್ಮ ತಾವೇ ಇಳಿದು ಬಂದು, ದೂರಿನ ಕೆಳಗೆ ‘ಸರಿಹೋಗಿದೆ’ ಅಂತ ಬರೆದು ಸಹಿ ಹಾಕಿದರು. ಪಕ್ಕದಲ್ಲಿ ನೂರಕ್ಕೆ ಅರವತ್ತೆರಡು ಅಂತಲೂ ಹಾಕಿದರು. ಅವರ ಕೈಯಿಂದ ನನಗೆ ಬಂದ ಅತಿ ಹೆಚ್ಚಿನ ಅಂಕ ಅದು.

ಪಂಪುಮನೆಯಲ್ಲಿ ಹೊಸ ಬಣ್ಣದ ವಾಸನೆ. ದೊಡ್ಡ ಎಂಜಿನಿಯರ್ ಮುಂದಿನ ಕುರ್ಚಿಯಲ್ಲಿ, ಅವರ ಪಕ್ಕ ನನ್ನ ಫೈಲನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಸಾಹೇಬರು. ತುತ್ತೂರಿಗಳು ಜೋರಾಗಿ ಮೊಳಗಿ ನಿಂತವು. ಡೋಲು ನಿಂತಿತು. ಮೇಷ್ಟ್ರು ನನ್ನ ಕಡೆ ತಿರುಗಿದರು. ಬೆರಳುಗಳನ್ನು ಇಳಿಬಿಟ್ಟೆ. ಒಂದೊಂದು ಪ್ಯಾಡೂ ಹೋಗಿ ಕೂತದ್ದು ಬೆರಳಿಗೆ ತಿಳಿಯಿತು, ಅಲ್ಲೇ ನಿಂತೆ, ಊದಿದೆ. ಸ್ವರ ಬಂತು. ಒಂದು, ಎರಡು, ಮೂರು, ಗೋಡೆಯ ಗಾಜು ಸಣ್ಣಗೆ ಗುಂಯ್‌ಗುಟ್ಟಿತು, ಏಳು, ಎಂಟು. ಮೇಷ್ಟ್ರು ತಲೆಯಾಡಿಸಿದರು. ಹೊಗಳಿಕೆಯಲ್ಲಿ ಅವರದು ಅಷ್ಟೇ.

“ಯಾರ್ರೀ ಆ ಹುಡುಗ?” ದೊಡ್ಡ ಎಂಜಿನಿಯರ್ ಕೇಳಿದರು.

“ನಮ್ಮ ದಿನಗೂಲಿ ಫಿಟ್ಟರ್ ಸಾರ್,” ಅಂದು ಸಾಹೇಬರು ಫೈಲು ಮುಂದೆ ಮಾಡಿದರು. ದೊಡ್ಡ ಎಂಜಿನಿಯರ್ ಅದನ್ನು ಪಂಪಿನ ಮೇಲೆಯೇ ಇಟ್ಟು ಸಹಿ ಹಾಕಿಬಿಟ್ಟರು. ಏಳು ವರ್ಷ, ಎಂಟು ಎಣಿಕೆ.

ಮರುದಿನ ಕಚೇರಿಯಲ್ಲಿ ಕಾಯಂ ಆದೇಶದ ಫಾರಂ ನನ್ನ ಮುಂದಿಟ್ಟರು. ಒಪ್ಪಿದ್ದೇನೆ ಅಂತ ನಾನು ಸಹಿ ಹಾಕಬೇಕು. ಹಾಕಿದೆ. ಸಾಹೇಬರು ಕೈಕುಲುಕಿದರು, ಎರಡು ಸಲ, ಎರಡು ವಿಭಾಗಗಳ ಪರವಾಗಿ. ಅಕ್ಕ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು.

ವಾರ ಬಿಟ್ಟು ಕರೆ ಬಂತು.

“ಏನಯ್ಯ ಇದು?” ಸಾಹೇಬರು ಮೂರು ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. “ಮೂರು ಪ್ರತಿ, ನಡುವೆ ಕಾರ್ಬನ್ನು. ಮೊದಲನೇದು ನಿನಗೆ. ಎರಡನೇದು ನಮಗೆ. ಮೂರನೇದು ಸಂಬಳ ವಿಭಾಗಕ್ಕೆ. ಮೊದಲನೇದರಲ್ಲಿ ಸಹಿ ಇದೆ. ಎರಡನೇದರಲ್ಲಿ ಭೂತಗನ್ನಡಿ ಹಿಡಿದರೆ ಏನೋ ಇರುವೆ ನಡೆದ ಹಾಗಿದೆ. ಮೂರನೇದು ಹಸುಗೂಸಿನ ಹಣೆ ಥರ ಖಾಲಿ. ಸಂಬಳ ವಿಭಾಗದವರು ವಾಪಸ್ಸು ಕಳಿಸಿದ್ದಾರೆ. ಅವರ ಲೆಕ್ಕದಲ್ಲಿ ನೀನಿನ್ನೂ ದಿನಗೂಲಿ.”

“ಮೂರನೇದರ ಮೇಲೆ ಈಗ ಹಾಕಿಕೊಡ್ತೀನಿ ಸಾರ್.”

“ಪೆನ್ನಿನಲ್ಲಿ ನೇರ ಹಾಕಿದರೆ ಅದು ಪ್ರತಿ ಅಲ್ಲ, ಅಸಲು. ಎರಡು ಅಸಲು ಇಟ್ಟುಕೊಂಡರೆ ನನ್ನ ಕೆಲಸ ಹೋಗುತ್ತೆ. ಹೊಸ ಫಾರಂ ತರಿಸೋಕೆ ಮತ್ತೆ ದೊಡ್ಡ ಎಂಜಿನಿಯರ್ ಸಹಿ ಬೇಕು, ಅವರು ಬರೋದು ಮುಂದಿನ ವರ್ಷ.” ಕಾರ್ಬನ್ನುಗಳನ್ನು ಸಿಕ್ಕಿಸಿ ಹಾಳೆಗಳನ್ನು ಅಂಚಿಗೆ ಅಂಚು ಜೋಡಿಸಿ ನನ್ನ ಮುಂದೆ ತಳ್ಳಿದರು. “ಹಳೇ ಸಹಿಯ ಗೆರೆ ಮೇಲೇ ಪೆನ್ನು ಇಟ್ಟು ತಿದ್ದು. ಸ್ವಲ್ಪ ಒತ್ತಿ ಬರೀಬಾರದೇನಯ್ಯ? ಕೈಯಲ್ಲಿ ಶಕ್ತಿ ಇಲ್ವಾ?”

ಪೆನ್ನು ತೆಗೆದುಕೊಂಡೆ. ಒಂದು ತಿಂಗಳಿಂದ ಒತ್ತಬೇಡ, ಒತ್ತಬೇಡ ಅಂತ ಕೇಳಿ ಕೇಳಿ ಎಲ್ಲೆಲ್ಲಿ ಒತ್ತದೆ ಉಳಿಸಿಕೊಂಡಿದ್ದೆನೋ ಅಷ್ಟನ್ನೂ ಪೆನ್ನಿನ ಮೊನೆಗೆ ತಂದು, ಎದ್ದು ನಿಂತು, ಮೇಜಿಗೆ ಎಡಗೈ ಊರಿ ತಿದ್ದಿದೆ. ಮೇಜು ಕಿರುಗುಟ್ಟಿತು. ಮಸಿಕುಡಿಕೆ ಒಂದಿಂಚು ಸರಿಯಿತು. ಸಾಹೇಬರು ಎರಡೂ ಮೊಹರುಗಳನ್ನು ತಮ್ಮ ಕಡೆ ಎಳೆದುಕೊಂಡರು.

ಮೂರನೇ ಪ್ರತಿಯಲ್ಲಿ ಸಹಿ ಅಚ್ಚಾಗಿ, ನೀಲಿಯಾಗಿ, ಕುರುಡರೂ ಕೈಯಾಡಿಸಿ ಓದುವಂತೆ ಬಿದ್ದಿತ್ತು. ಎರಡನೆಯದರಲ್ಲೂ. ಸಾಹೇಬರು ಸಂತೋಷದಿಂದ ಎರಡಕ್ಕೂ ಮೊಹರು ಹೊಡೆದು, ಉಳಿದದ್ದನ್ನು ನನಗೆ ಕೊಟ್ಟರು. ಈಗ ಇಲಾಖೆಯ ಲೆಕ್ಕದಲ್ಲಿ ನಾನು ಕಾಯಂ. ಅದರಲ್ಲಿ ಎರಡು ಮಾತಿಲ್ಲ.

ನನ್ನ ಪ್ರತಿಗೆ ಅಕ್ಕ ಚೌಕಟ್ಟು ಹಾಕಿಸಿ ಹೊರಕೋಣೆಯ ಗೋಡೆಗೆ ತೂಗುಹಾಕಿದ್ದಾಳೆ. ಇಲಾಖೆಯ ಲಾಂಛನ ಇದೆ, ದೊಡ್ಡ ಎಂಜಿನಿಯರ್ ಸಹಿ ಇದೆ, ‘ಈ ಕೆಳಗೆ ಸಹಿ ಮಾಡಿದವರನ್ನು ಕಾಯಂ ಮಾಡಲಾಗಿದೆ’ ಅಂತ ದಪ್ಪಕ್ಷರದಲ್ಲಿದೆ. ಅದರ ಕೆಳಗೆ, ನನ್ನ ಹೆಸರಿರಬೇಕಾದ ಕಡೆ, ಗೋಡೆಯ ಸುಣ್ಣ ಕಾಣುವಂಥ ಒಂದು ತೂತು. ಬಂದವರೆಲ್ಲ ನಿಂತು ಪೂರ್ತಿ ಓದಿ, ಬಹಳ ಚೆನ್ನಾಗಿದೆ, ಯಾರದು ಇದು ಅಂತ ಕೇಳುತ್ತಾರೆ.